ತಪ್ಪಾತ್ರಿ ಅನ್ನಬೇಡ

ಬಳಗಾನೂರು
೯ ಜೂನ್ ೨೦೨೫

ಅಣ್ಣ ದುರುಗಪ್ಪನಿಗೆ,

ವಿರೇಶ ಬರೆಯುವುದು. ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಅವ್ವನಿಗೆ ಕೆಮ್ಮು. ಬೇರೆ ವಿಶೇಷವಿಲ್ಲ.

ಈ ತಿಂಗಳ ಮೂವತ್ತಕ್ಕೆ ಸೋಮವಾರ ಸಿಂಧನೂರು ಕೋರ್ಟಿನಲ್ಲಿ ನಿನ್ನ ಪೇಶಿ. ಆವತ್ತು ಜಡ್ಜ್ ಸಾಹೇಬರು ಆರೋಪ ಓದಿ ಹೇಳುತ್ತಾರೆ. ಹೋದ ನವೆಂಬರಿನಲ್ಲಿ ನಮ್ಮ ಭತ್ತದ ಗದ್ದೆಯ ಬದುವಿಗೆ ಕಾಡುಹಂದಿ ತಡೆಯಲು ಕರೆಂಟು ತಂತಿ ಎಳೆದದ್ದು, ಪಾಮನಕಲ್ಲೂರಿನ ಕುರಿಗಾರ ತಾಯಪ್ಪ ಅದನ್ನು ತುಳಿದು ಸತ್ತದ್ದು, ಪಹಣಿಯೂ ಮೀಟರೂ ನಿನ್ನ ಹೆಸರಿನಲ್ಲಿರುವುದರಿಂದ ಆರೋಪಿ ನೀನು ಎನ್ನುವುದು. ಓದಿದ ಮೇಲೆ ಒಪ್ಪಿಕೊಳ್ಳುತ್ತೀಯೋ ಇಲ್ಲವೋ ಎಂದು ಕೇಳುತ್ತಾರೆ. ನೀನು ಹೇಳಬೇಕಾದದ್ದು ಇಷ್ಟೇ: "ಒಪ್ಪಂಗಿಲ್ರಿ ಸಾಹೇಬ್ರ." ಅಷ್ಟಂದರೆ ಮುಂದೆ ಸಾಕ್ಷಿ ಕರೆಯುತ್ತಾರೆ. ತಂತಿ ಎಳೆಯುವುದನ್ನು ಕಂಡವರು ಪೊಲೀಸರ ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಉಳಿದದ್ದು ವಕೀಲರ ಕೆಲಸ.

ನನಗೆ ಭಯ ನಿನ್ನ ಬಾಯಿಯದು. ಬಸ್ಸಿನಲ್ಲಿ ನಿನ್ನ ಕಾಲು ತುಳಿದವನಿಗೆ ನೀನೇ "ತಪ್ಪಾತ್ರಿ" ಅನ್ನುತ್ತೀ. ಬ್ಯಾಂಕಿನಲ್ಲಿ ಪೆನ್ನು ಕೇಳುವ ಮೊದಲು "ತಪ್ಪಾತ್ರಿ". ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಒಯ್ಯಲು ಬಂದವನು ಹೆಡ್‌ಮಾಸ್ತರರ ಬಾಗಿಲಲ್ಲಿ ಕೈಮುಗಿದು "ತಪ್ಪಾತ್ರಿ ಸರ್" ಅಂದೆ. ಅವರು ನಾನೇನೋ ಮಾಡಿದ್ದೇನೆಂದು ಅರ್ಧ ತಾಸು ನನ್ನನ್ನು ಹೊರಗೆ ನಿಲ್ಲಿಸಿದರು. ಊರಲ್ಲಿ ಇದು ದೊಡ್ಡವರ ಮುಂದೆ ಬಗ್ಗಿ ಆಡುವ ಮಾತು, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋರ್ಟಿನಲ್ಲಿ ಅದು ಕಬೂಲಿ. ಅಂದ ತಕ್ಷಣ ಬರೆದುಕೊಳ್ಳುತ್ತಾರೆ, ಐದು ವರ್ಷದವರೆಗೂ ಜೈಲು.

ಅದಕ್ಕೇ ಇವತ್ತಿನಿಂದ ಒಂದು ಕಟ್ಟಳೆ. ಆ ಮಾತು ನಿನ್ನ ಬಾಯಿಂದ ಒಂದು ಸಲ ಬಂದರೆ ಒಂದು ಹೊತ್ತು ಊಟ ಬಿಡು. ನಲವತ್ತಾರು ವರ್ಷದ ಗಂಡಸಿಗೆ ಇದನ್ನು ಹೇಳಬೇಕಾಗಿದೆ ನೋಡು. ಎತ್ತಾಗಿದ್ದರೆ ಇಷ್ಟೊತ್ತಿಗೆ ಕಲಿತಿರುತ್ತಿತ್ತು.

ಫೋನು ಮಾಡಬೇಡ. ನಿನ್ನ ಫೋನು ಹೇಗೂ ಪೊಲೀಸರ ಹತ್ತಿರ ಇದೆ, ಚಹಾದಂಗಡಿಯ ಖಾದರಬಾಷಾನದರಿಂದಲೂ ಬೇಡ. ಯಾರು ಕೇಳಿಸಿಕೊಳ್ಳುತ್ತಾರೋ ಗೊತ್ತಿಲ್ಲ. ಏನಿದ್ದರೂ ಪತ್ರ. ಓದಿದ ಮೇಲೆ ಒಲೆಗೆ ಹಾಕು.

ವಿರೇಶ


ಲಿಂಗಸುಗೂರು
೧೪ ಜೂನ್ ೨೦೨೫

ತಮ್ಮ ವಿರೇಶನಿಗೆ ಅಣ್ಣ ದುರುಗಪ್ಪನ ಆಶೀರ್ವಾದ.

ನಿನ್ನ ಪತ್ರ ಸಿಕ್ಕಿತು. ಎರಡು ಸಲ ಓದಿದೆ. ನೀನು ಸಿಟ್ಟಿನಲ್ಲಿ ಬರೆದರೂ ಅಕ್ಷರ ದುಂಡಗೇ ಇರುತ್ತವೆ, ಅದು ನನಗೆ ಸಂತೋಷ. ನಾನು ನಾಲ್ಕನೇ ಇಯತ್ತೆವರೆಗೆ ಓದಿದವನು, ನನ್ನ ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಖಾದರಬಾಷಾನ ಚಹಾದಂಗಡಿಯಲ್ಲೇ ಇದ್ದೇನೆ. ಕಪ್ಪು ತೊಳೆಯುತ್ತೇನೆ, ಅಲ್ಲೇ ಮಲಗುತ್ತೇನೆ. ಜಾಮೀನು ಕೊಡುವಾಗ ಊರಿಗೆ ಕಾಲಿಡಬೇಡ ಎಂದು ಬರೆದಿದ್ದಾರಲ್ಲ, ಅದನ್ನು ಒಂದು ದಿನವೂ ಮುರಿದಿಲ್ಲ. ಖಾದರಬಾಷಾ ಒಳ್ಳೆಯವನು. ನೀನು ಹೇಳಿದ ಅಭ್ಯಾಸಕ್ಕೆ ಅವನೇ ಜಡ್ಜ್ ಆಗಿದ್ದಾನೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಸಕ್ಕರೆ ಡಬ್ಬಿಯ ಹಿಂದೆ ಸ್ಟೂಲಿನ ಮೇಲೆ ಕೂಡುತ್ತಾನೆ, ನಾನು ಬಾಗಿಲ ಹತ್ತಿರ ಕೈ ಕೆಳಗೆ ಬಿಟ್ಟು ನಿಲ್ಲುತ್ತೇನೆ.

"ಒಪ್ಕೋತಿಯೇನಪಾ ದುರುಗಪ್ಪ?" ಅನ್ನುತ್ತಾನೆ.

"ತಪ್ಪಾತ್ರಿ, ಒಪ್ಪಂಗಿಲ್ರಿ," ಅನ್ನುತ್ತೇನೆ.

"ಎರಡೂ ಅಂದ್ರ ಜಡ್ಜ ಯಾವುದು ಬರಕೋಬೇಕಲೇ? ನಡಿ, ಹೊರಗ ಹೋಗಿ ಮತ್ತ ಬಾ," ಅನ್ನುತ್ತಾನೆ.

ಚಹಾ ಕುಡಿಯಲು ಬಂದ ಡ್ರೈವರುಗಳು ನಗುತ್ತಾರೆ. ಅವರೂ ಬೇಕಂತಲೇ ಕೇಳುತ್ತಾರೆ. ಮೂರು ದಿನದಲ್ಲಿ ಐದು ಹೊತ್ತು ಊಟ ಬಿಟ್ಟೆ. ಚಹಾ ಊಟದಲ್ಲಿ ಬರುತ್ತದೋ ಇಲ್ಲವೋ ನೀನು ಬರೆದಿಲ್ಲ. ಕುಡಿಯುತ್ತಿದ್ದೇನೆ. ಬೇಡವೆಂದರೆ ಬಿಡುತ್ತೇನೆ.

ತಂತಿ ನೀನು ಎಳೆದದ್ದು ಎಂದು ಖಾದರಬಾಷಾನಿಗೂ ಹೇಳಿಲ್ಲ, ವಕೀಲರಿಗೂ ಹೇಳಿಲ್ಲ. ಆವತ್ತು ನಾನು ಮಸ್ಕಿಯಲ್ಲಿ ಗೊಬ್ಬರದಂಗಡಿಯ ಸಾಲಿನಲ್ಲಿ ನಿಂತಿದ್ದೆ ಎನ್ನುವುದನ್ನೂ ಹೇಳಿಲ್ಲ. ನಿನಗೆ ಲೈನ್‌ಮನ್ ನೌಕರಿಯ ಪಟ್ಟಿಯಲ್ಲಿ ಹೆಸರು ಬಂದಿದೆ. ನಾನಾದರೆ ಎಲ್ಲಿ ಇದ್ದರೂ ನಡೆಯುತ್ತದೆ. ಆದರೆ ತಾಯಪ್ಪ ಕಣ್ಣಿಗೆ ಕಟ್ಟಿದಂತಾಗುತ್ತದೆ. ಸಾಯುವ ಹಿಂದಿನ ದಿನ ಬಂದು, "ಯಣ್ಣಾ, ಸುಗ್ಗಿ ಮುಗಿದ ಮ್ಯಾಲೆ ಕುರಿ ನಿಮ್ಮ ಹೊಲದಾಗ ತರುಬಲೇನು?" ಎಂದು ಕೇಳಿದ್ದ. ರಾತ್ರಿ ಕುರಿ ನಿಂತರೆ ಹೊಲಕ್ಕೆ ಗೊಬ್ಬರ ಎಂದು ಹ್ಞೂಂ ಅಂದಿದ್ದೆ.

ಅವ್ವನ ಕೆಮ್ಮಿಗೆ ಮಸ್ಕಿ ಡಾಕ್ಟರರ ಹತ್ತಿರ ತೋರಿಸು.

ದುರುಗಪ್ಪ


ಬಳಗಾನೂರು
೧೮ ಜೂನ್ ೨೦೨೫

ದುರುಗಪ್ಪನಿಗೆ,

ನಿನ್ನ ಪತ್ರ ಓದಿದೆ. ಯಾರು ಎಳೆದರು, ಯಾರು ಎಲ್ಲಿದ್ದರು ಎಂದು ಕಾಗದದ ಮೇಲೆ ಬರೆಯುತ್ತಾರೇನು? ಅಂಚೆಯವನು ಓದಿದರೆ ಏನಾಗುತ್ತಿತ್ತು? ನಾನು ತಕ್ಷಣ ಸುಟ್ಟೆ. ಇನ್ನೊಂದು ಸಲ ಹೀಗೆ ಬರೆದರೆ ನಿನ್ನ ಕೈ ಮುರಿಯುತ್ತೇನೆ, ಅಣ್ಣ ಎಂದು ನೋಡುವುದಿಲ್ಲ. ನನ್ನ ನೌಕರಿಗೆ ಪೊಲೀಸ್ ಪರಿಶೀಲನೆ ಬಾಕಿ ಇದೆ. ನನ್ನ ಹೆಸರು ಒಂದು ಕಡೆ ಬಂದರೂ ಮುಗಿಯಿತು. ಇಪ್ಪತ್ತೇಳು ವರ್ಷ ನಿನ್ನ ಜೊತೆ ಬದುಕಿ ನನಗೆ ಬಂದಿರುವುದು ಇದೊಂದೇ ಅದೃಷ್ಟ.

ಚಹಾ ಬಿಡು. ಹೊಟ್ಟೆ ಖಾಲಿ ಇದ್ದಾಗ ಮಾತ್ರ ನಿನಗೆ ನೆನಪು ಉಳಿಯುತ್ತದೆ.

ಇನ್ನು ಕೆಲವು ಮಾತು. ಬಿಳಿ ಅಂಗಿ ಹಾಕಿಕೋ. ಚಪ್ಪಲಿ ಬಾಗಿಲ ಹೊರಗೆ ಬಿಡಲು ಹೋಗಬೇಡ, ಅದು ಗುಡಿಯಲ್ಲ. ಕೈಮುಗಿಯಬೇಡ. ನಗಬೇಡ. ಹೆದರಿದಾಗ ನೀನು ನಗುತ್ತೀ, ಹೆಣದ ಹತ್ತಿರ ಪೊಲೀಸರು ಬಂದಾಗಲೂ ಹಲ್ಲು ಕಿರಿದು ನಿಂತಿದ್ದೆ. ಯಾರಾದರೂ ಗದರಿದರೆ ನಾಲಿಗೆಯನ್ನು ಹಲ್ಲಿನ ಕೆಳಗೆ ಹಿಡಿ. ರಕ್ತ ಬಂದರೂ ಚಿಂತೆಯಿಲ್ಲ.

ಅವ್ವ ನಿನ್ನ ಹೆಸರು ಹೇಳಿ ಹೇಳಿ ತಲೆ ತಿನ್ನುತ್ತಾಳೆ. "ಅವ ಎಳದಿಲ್ಲ, ಅವ್ನ ಕರ್ಕೊಂಬಾ" ಅನ್ನುತ್ತಾಳೆ, ಓಣಿಗೆ ಕೇಳುವ ಹಾಗೆ. ಒಳಗಿನ ಕೋಣೆಯಲ್ಲಿ ಮಲಗಿಸಿದ್ದೇನೆ. ಡಾಕ್ಟರ್ ಬೇಕಾಗಿಲ್ಲ. ವಯಸ್ಸಿನ ಕೆಮ್ಮು.

ವಿರೇಶ


ಲಿಂಗಸುಗೂರು
೧ ಜುಲೈ ೨೦೨೫

ತಮ್ಮ ವಿರೇಶನಿಗೆ ಅಣ್ಣನ ಆಶೀರ್ವಾದ.

ನಿನ್ನೆ ಕೋರ್ಟಿಗೆ ಹೋಗಿ ಬಂದೆ. ಸಾಹೇಬರು ರಜೆ ಇದ್ದರು. ಜುಲೈ ಇಪ್ಪತ್ತೊಂದಕ್ಕೆ ಬರಲು ಹೇಳಿದರು. ದೇವರು ದೊಡ್ಡವನು, ಯಾಕೆಂದರೆ ನಿನ್ನೆ ಕೇಳಿದ್ದರೆ ನಾನು ಕೆಡಿಸುತ್ತಿದ್ದೆ. ಹೆಸರು ಕೂಗುವವನು ಎರಡು ಸಲ ಕೂಗಿದ, ನನಗೆ ಕೇಳಿಸಲಿಲ್ಲ. ಮೂರನೇ ಸಲ ಓಡಿಹೋಗಿ ತಪ್ಪಾತ್ರಿ ಅಂದೆ. ಆ ರಾತ್ರಿ ಊಟ ಬಿಟ್ಟೆ.

ಇನ್ನೊಂದು ಆಯಿತು. ವರಾಂಡದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಕಾಗದದಲ್ಲಿ ಮಂಡಕ್ಕಿ ಒಗ್ಗರಣೆ ಕಟ್ಟಿಕೊಂಡಿದ್ದಳು. ನನ್ನ ಮುಖ ನೋಡಿ, "ಉಂಡಿಲ್ಲೇನ್ ಯಣ್ಣಾ? ಮಾರಿ ಬಾಡೇತಿ, ತಗೋ," ಎಂದು ಅರ್ಧ ಕೊಟ್ಟಳು. ನಾನು ಎರಡು ತುತ್ತು ತಿಂದೆ. ಯಾರ ಕೇಸಿಗೆ ಬಂದೆಯವ್ವಾ ಎಂದು ಕೇಳಿದೆ. ಗಂಡನದು, ಪಾಮನಕಲ್ಲೂರು, ಹೆಸರು ಆದೆಮ್ಮ ಎಂದಳು. ಅಷ್ಟರಲ್ಲೇ ನನ್ನ ಹೆಸರು ಕೂಗಿದರು.

ತಿರುಗಿ ಬಂದಾಗ ಆಕೆ ಎದ್ದು ನಿಂತಿದ್ದಳು. ನನ್ನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು, ಉಳಿದ ಮಂಡಕ್ಕಿಯನ್ನು ಮೆಟ್ಟಿಲ ಕೆಳಗಿನ ನಾಯಿಗೆ ಸುರಿದಳು. ನಾನು ತಪ್ಪಾತವ್ವಾ ಅಂದೆ. "ತಪ್ಪಾತಂದ್ರ ಗಂಡ ಎದ್ದು ಬರ್ತಾನೇನು? ನೀ ಉಂಡಿದ್ದನ್ನ ಕಾರಿಕೋ," ಅಂದಳು. ಜನ ಸೇರಿದರು. ಇದಕ್ಕೆ ಊಟ ಬಿಡಬೇಕೋ ಬೇಡವೋ ತಿಳಿಯಲಿಲ್ಲ. ಇದು ಬಾಯಿರೂಢಿಗೆ ಅಂದದ್ದಲ್ಲ. ಆದರೂ ಬಿಟ್ಟೆ.

ವಿರೇಶ, ಆಕೆಗೆ ಇಬ್ಬರು ಮಕ್ಕಳಂತೆ. ಕೇಸು ಮುಗಿದ ಮೇಲೆ ಯಾವುದಾದರೂ ದಾರಿ ಮಾಡೋಣ.

ಅವ್ವನನ್ನು ಒಳಗಿನ ಕೋಣೆಯಲ್ಲಿ ಮಲಗಿಸಬೇಡ, ಅಲ್ಲಿ ಗಾಳಿ ಇಲ್ಲ.

ದುರುಗಪ್ಪ


ಬಳಗಾನೂರು
೫ ಜುಲೈ ೨೦೨೫

ದುರುಗಪ್ಪನಿಗೆ,

ಮೂರು ದಿನದಿಂದ ಮನೆಯಲ್ಲಿ ಜನ ಜಾಸ್ತಿ, ಬರೆಯಲು ಪುರಸೊತ್ತಿಲ್ಲ. ಚಿಕ್ಕದಾಗಿ ಬರೆಯುತ್ತೇನೆ.

ಸತ್ತವನ ಹೆಂಡತಿಯ ಕೈಯಿಂದ ತಿಂದೆಯಲ್ಲ, ನಿನಗೆ ಏನು ಹೇಳಬೇಕು? ಇನ್ನು ಮೇಲೆ ಬೆಂಚಿನ ಮೇಲೆ ಕೂಡಬೇಡ, ಗೋಡೆಗೆ ಮುಖ ಮಾಡಿ ನಿಲ್ಲು. ಅವಳ ಮಕ್ಕಳ ಚಿಂತೆ ನಿನಗೆ ಬೇಡ.

ಒಂದು ವಿಷಯ ಸರಿಯಾಗಿ ನೆನಪು ಮಾಡಿಕೊಂಡು ಬರೆ. ನಾಟಿ ಗುಂಪಿನ ಜಮೀಲಾಬೀ ನಿನ್ನ ಹತ್ತಿರ ಯಾವತ್ತಾದರೂ ಆ ಸಂಜೆಯ ಮಾತು ಎತ್ತಿದ್ದಳೇ? ಈಗ ಗದ್ದೆಯಲ್ಲಿ ಹೆಣ್ಣಾಳುಗಳ ಮುಂದೆ ಏನೇನೋ ಆಡುತ್ತಿದ್ದಾಳೆ. ಆ ಹೊತ್ತಿಗೆ ಕಾಲುವೆಯ ಮೇಲೆ ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳಂತೆ, ಎಲ್ಲ ನೋಡಿದಳಂತೆ. ಸಾಕ್ಷಿ ಶುರುವಾದರೆ ತಾನೇ ಕೋರ್ಟಿಗೆ ಬಂದು ಹೇಳುತ್ತಾಳಂತೆ. ಅವಳ ಕಿವಿಗೆ ನೀನು ಏನಾದರೂ ಹಾಕಿದ್ದರೆ ಈಗಲೇ ಹೇಳಿಬಿಡು.

ಅವ್ವನ ಕೆಮ್ಮು ನಿಂತಿದೆ. ಈಗ ಕೂಗಾಟವೂ ಇಲ್ಲ. ಆ ವಿಷಯ ಬಿಡು.

ವಿರೇಶ


ಲಿಂಗಸುಗೂರು
೯ ಜುಲೈ ೨೦೨೫

ತಮ್ಮ ವಿರೇಶನಿಗೆ ಅಣ್ಣನ ಆಶೀರ್ವಾದ.

ಅವ್ವನ ಕೆಮ್ಮು ನಿಂತಿತೆಂದು ಓದಿ ಜೀವ ತಣ್ಣಗಾಯಿತು. ಖಾದರಬಾಷಾನಿಗೂ ಓದಿ ಹೇಳಿದೆ. ಅವನು ಆವತ್ತು ನನಗೆ ಎರಡು ಮಿರ್ಚಿ ಭಜಿ ಕೊಟ್ಟ. ನೀನು ಡಾಕ್ಟರರಿಗೆ ತೋರಿಸಿರಬೇಕು, ಬರೆಯುವುದಿಲ್ಲ ಅಷ್ಟೇ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಬಾಯಿ ಬಿರುಸು, ಮನಸ್ಸು ಹಾಗಲ್ಲ.

ಜಮೀಲಾಬೀ ನನ್ನ ಹತ್ತಿರ ಯಾವ ಮಾತೂ ಎತ್ತಿಲ್ಲ. ಆಕೆ ಕಂಡಿದ್ದರೆ ಕಂಡಿರಬಹುದು, ಕಾಲುವೆಯ ಮೇಲಿಂದ ನಮ್ಮ ಗದ್ದೆ ಕಾಣುತ್ತದೆ.

ಇನ್ನೊಂದು ಸಂತೋಷದ ಸುದ್ದಿ. ಎಂಟು ದಿನದಿಂದ ಆ ಮಾತು ನನ್ನ ಬಾಯಿಂದ ಬಂದಿಲ್ಲ. ಒಂದು ಸಲವೂ ಇಲ್ಲ. ಮೊನ್ನೆ ಒಬ್ಬ ಗಿರಾಕಿಯ ಅಂಗಿಯ ಮೇಲೆ ಚಹಾ ಚೆಲ್ಲಿದೆ. ಅವನು ಕಪಾಳಕ್ಕೆ ಹೊಡೆದ. ನಾನು ನಾಲಿಗೆ ಹಲ್ಲಿನ ಕೆಳಗೆ ಹಿಡಿದು ಸುಮ್ಮನೆ ನಿಂತೆ. "ಏನ್ ಸೊಕ್ಕು ಮಗಂದು, ಒಂದ್ ಮಾತ್ ತಪ್ಪಾತಂತ ಅನ್ನಂಗಿಲ್ಲ," ಎಂದು ಇನ್ನೊಂದು ಹೊಡೆದ. ನಾನು ಅನ್ನಲಿಲ್ಲ. ಖಾದರಬಾಷಾ ಅವನನ್ನು ಕಳಿಸಿ ಬಂದು, "ಪಾಸಾದಿ ನೋಡಪಾ, ಫಸ್ಟ್ ಕ್ಲಾಸಿನ್ಯಾಗ," ಅಂದ. ನಾನು ಒಳಗೆ ಹೋಗಿ ಅತ್ತೆ. ಯಾಕೆಂದು ತಿಳಿಯಲಿಲ್ಲ. ಮನುಷ್ಯನಿಗೆ ಮನುಷ್ಯ ಅನ್ನಬೇಕಾದ ಮಾತು ಅದು, ನನಗೆ ಅನ್ನಲಾಗಲಿಲ್ಲ.

ಒಂದು ಕೇಳುತ್ತೇನೆ, ಬೈಯಬೇಡ. ಜಾಮೀನಿನಲ್ಲಿ ಬಳಗಾನೂರಿಗೆ ಬರಬೇಡ ಎಂದಿದೆ, ಮಸ್ಕಿಗೆ ಬರಬೇಡ ಎಂದಿಲ್ಲ. ನೀನು ಅವ್ವನನ್ನು ಮಸ್ಕಿ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಾ. ನಾನು ಇಲ್ಲಿಂದ ಬರುತ್ತೇನೆ. ಒಂದು ತಾಸು ಸಾಕು. ಆರು ತಿಂಗಳಾಯಿತು ನೋಡಿ.

ದುರುಗಪ್ಪ


ಬಳಗಾನೂರು
೧೩ ಜುಲೈ ೨೦೨೫

ಪ್ರೀತಿಯ ಅಣ್ಣನಿಗೆ ವಿರೇಶನ ನಮಸ್ಕಾರ.

ನಿನ್ನ ಪತ್ರ ಓದಿ ನನಗೇ ನಾಚಿಕೆಯಾಯಿತು. ತಾಯಿತಂದೆಯ ಹಾಗೆ ಸಾಕಿದವನನ್ನು ಉಪವಾಸ ಕೆಡವಿದೆ. ನಾನು ಎಂಥ ತಮ್ಮ? ಇವತ್ತಿನಿಂದ ಆ ಕಟ್ಟಳೆ ಇಲ್ಲ. ಎರಡು ಹೊತ್ತು ಹೊಟ್ಟೆ ತುಂಬ ಉಣ್ಣು.

ಈಗ ಸಮಾಧಾನದಿಂದ ಓದು. ಎಲ್ಲ ವಿಚಾರ ಮಾಡಿದ್ದಾಗಿದೆ. ಸಾಕ್ಷಿ, ವಾದ ಎಂದು ಹೋದರೆ ನಾಲ್ಕೈದು ವರ್ಷ ನೀನು ಹೀಗೇ ಊರ ಹೊರಗೆ ಕಪ್ಪು ತೊಳೆಯಬೇಕು. ಒಪ್ಪಿಕೊಂಡರೆ ಬಡವ, ಬೇರೆ ಕೇಸಿಲ್ಲದವನು ಎಂದು ಒಂದಿಷ್ಟು ದಂಡ ಹಾಕಿ ಸಂಜೆಯೊಳಗೆ ಬಿಡುತ್ತಾರೆ. ಇದು ತಿಳಿದವರು ಹೇಳಿದ ಮಾತು. ವಕೀಲರ ಮುಂದೆ ಮಾತ್ರ ಎತ್ತಬೇಡ. ಅವರು ಬಾಯಿ ಮಾತಿಗೆ ಬೇಡ ಎನ್ನಬೇಕಾಗುತ್ತದೆ, ಅದು ಅವರ ಪದ್ಧತಿ.

ಆದ್ದರಿಂದ ಇಪ್ಪತ್ತೊಂದನೇ ತಾರೀಖು ಜಡ್ಜ್ ಸಾಹೇಬರು ಕೇಳಿದಾಗ ನಾನು ಕಲಿಸಿದ್ದನ್ನೆಲ್ಲ ಮರೆತುಬಿಡು. ನಿನ್ನ ಬಾಯಿಗೆ ಮೊದಲಿನಿಂದ ಯಾವ ಮಾತು ಬರುತ್ತಿತ್ತೋ ಅದನ್ನೇ ಆಡು. ಕೈಮುಗಿ. ನೀನು ನೀನಾಗಿಯೇ ಇರು ಅಣ್ಣಾ. ತಂತಿ ಯಾರು ಎಳೆದರು ಎಂದರೆ ನಾನೇ ಎನ್ನು.

ಅವ್ವನಿಗೆ ಮೊಣಕಾಲು ಹಿಡಿದಿವೆ, ಮಸ್ಕಿಗೆ ಬರಲಾಗುವುದಿಲ್ಲ. ಆದರೆ ನಿನ್ನ ಪತ್ರ ಓದಿ ಹೇಳಿದೆ. "ದುರುಗ ಒಪ್ಕೊಳ್ಳಲಿ, ಬಿಡಿಸಿಕೊಂಡು ಮನಿಗೆ ಬರಲಿ," ಅಂದಳು. ಈಗ ರೊಟ್ಟಿ, ಪುಂಡಿಪಲ್ಯ ಉಂಡು ಪಡಸಾಲೆಯಲ್ಲಿ ಗಾಳಿಗೆ ಮಲಗಿದ್ದಾಳೆ. ನೀನು ಹೇಳಿದಂತೆಯೇ ಹೊರಗೆ ಹಾಸಿದ್ದೇನೆ.

ಈ ಪತ್ರವನ್ನೂ ಸುಡು.

ನಿನ್ನ ತಮ್ಮ
ವಿರೇಶ


ಲಿಂಗಸುಗೂರು
೨೨ ಜುಲೈ ೨೦೨೫

ವಿರೇಶನಿಗೆ,

ನಿನ್ನೆ ಪೇಶಿ ಆಯಿತು. ನಡೆದದ್ದನ್ನು ಬರೆಯುತ್ತೇನೆ.

ಸಾಹೇಬರು ಆರೋಪವನ್ನು ಬಿಡಿಸಿ ಹೇಳಿದರು. ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು. ನನ್ನ ಬಾಯಿಗೆ "ಒಪ್ಪಂಗಿಲ್ರಿ" ಎಂದೇ ಬಂತು. ಹಲ್ಲು ಕಚ್ಚಿ ತಡೆದೆ. ನೀನು ಉಪವಾಸ ಕೆಡವಿ ಬಿಡಿಸಿದ ಮಾತನ್ನು ನೀನು ಹೇಳಿದ್ದಕ್ಕೇ ಎಳೆದು ತಂದು, "ತಪ್ಪಾತ್ರಿ ಸಾಹೇಬ್ರ," ಅಂದೆ.

ಸಾಹೇಬರು ಬರೆಯುವುದನ್ನು ನಿಲ್ಲಿಸಿದರು. "ಇದು ಒಪ್ಪಿಕೊಂಡ ಮಾತೋ, ರೂಢಿಯ ಮಾತೋ?" ಎಂದು ಕೇಳಿದರು. ಒಪ್ಪಿಕೊಂಡದ್ದು ಅಂದೆ. ಹಾಗಾದರೆ ತಂತಿ ಯಾವ ಕಂಬದಿಂದ ತಂದಿರಿ, ಎಷ್ಟು ಗೂಟ ಹೊಡೆದಿರಿ, ಎಷ್ಟೊತ್ತಿಗೆ ಕರೆಂಟು ಬಿಟ್ಟಿರಿ ಎಂದು ಕೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ, ಮತ್ತೆ ಕೈಮುಗಿದೆ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದರು. ಇಲ್ಲ ಅಂದೆ. ವಕೀಲರ ಹತ್ತಿರ ಮಾತಾಡಿ, ವಿಚಾರ ಮಾಡಿ ಆಗಸ್ಟ್ ನಾಲ್ಕಕ್ಕೆ ಬನ್ನಿ ಎಂದರು. ಹೊರಗೆ ಬಂದ ಮೇಲೆ ವಕೀಲರು ನನ್ನ ಮೇಲೆ ಬಹಳ ಸಿಟ್ಟಾದರು. ನನಗೆ ಅದು ಪದ್ಧತಿಯ ಸಿಟ್ಟು ಅನ್ನಿಸಲಿಲ್ಲ.

ನನಗೆ ಗೊತ್ತಿಲ್ಲದ್ದನ್ನು ನಾನು ಹೇಗೆ ಒಪ್ಪಿಕೊಳ್ಳಲಿ? ಎಲ್ಲವನ್ನೂ ಬರೆದು ಕಳಿಸು, ಒಂದೂ ಬಿಡದ ಹಾಗೆ. ತಂತಿ ಎಲ್ಲಿಂದ ಎಲ್ಲಿಗೆ ಬಂತು, ಉಳಿದದ್ದು ಎಲ್ಲಿದೆ. ತಾಯಪ್ಪನ ಕೈಯಲ್ಲಿ ಬ್ಯಾಟರಿ ಇತ್ತೆಂದು, ಅದರ ಬೆಳಕು ಹತ್ತಿದ್ದು ಕಂಡಿತೆಂದು ಜನ ಆಡುತ್ತಾರೆ. ಅದನ್ನು ಕೇಳಿದರೆ ಏನು ಹೇಳಬೇಕು, ಅದನ್ನೂ ಬರೆ. ಬಾಯಿಪಾಠ ಮಾಡುತ್ತೇನೆ.

ಅವ್ವ ಹೇಗಿದ್ದಾಳೆ? ಈಗ ಏನು ಉಣ್ಣುತ್ತಾಳೆ, ಏನು ಮಾತಾಡುತ್ತಾಳೆ? ಅದನ್ನೂ ಬಿಡಿಸಿ ಬರೆ.

ದುರುಗಪ್ಪ


ಬಳಗಾನೂರು
೨೭ ಜುಲೈ ೨೦೨೫

ಅಣ್ಣನಿಗೆ,

ಒಂದು ಮಾತು ಆಡಿ ಮುಗಿಸಲು ಬರಲಿಲ್ಲವಲ್ಲ ನಿನಗೆ. ನನ್ನ ಪರಿಶೀಲನೆಗೆ ಮುಂದಿನ ತಿಂಗಳ ನಡುವೆ ಬರುತ್ತಾರೆ. ನಾಲ್ಕನೇ ತಾರೀಖಿಗೆ ಇದು ಮುಗಿಯಲೇಬೇಕು. ಇದೇ ಕೊನೆ, ಸರಿಯಾಗಿ ಕಲಿತುಕೋ.

ತಂತಿ ಪಂಪಿನ ಮನೆಯ ಮೀಟರಿನಿಂದ ಬಂದದ್ದು, ಕಂಬದಿಂದಲ್ಲ. ಬಡಗಣ ಬದುವಿನ ಉದ್ದಕ್ಕೆ ಹನ್ನೊಂದು ಬಿದಿರು ಗೂಟ, ಮೊಣಕಾಲಿನ ಎತ್ತರ. ಬೇಲಿಜಾಲಿಯ ಹತ್ತಿರ ಗೂಟ ಕಡಿಮೆ ಬಿತ್ತು, ಅಲ್ಲಿ ತಂತಿ ಜೋತುಬಿದ್ದಿತ್ತು. ಅವನು ತುಳಿದದ್ದು ಅಲ್ಲೇ. ಏಳು ಗಂಟೆಗೆ ಕರೆಂಟು ಬಿಟ್ಟದ್ದು. ಉಳಿದ ತಂತಿ ಸುರುಳಿ ಮಾಡಿ ಹಳೆಯ ಬಣವೆಯ ಕೆಳಗೆ, ಕಲ್ಲಿನ ಸಂದಿಯಲ್ಲಿ ಇದೆ. ಪೊಲೀಸರಿಗೆ ಸಿಕ್ಕಿದ್ದು ಅರ್ಧ ಮಾತ್ರ. ಅದರ ಮಾತು ಬಂದರೆ ಮಾರಿದೆ ಎನ್ನು.

ಬ್ಯಾಟರಿಯ ಮಾತು ಬಂದರೆ ಏನೂ ಕಾಣಲಿಲ್ಲ ಎಂದು ಹೇಳು. ಕಂಡಿತ್ತು. ನಾನು ಮೀಟರಿನ ಹತ್ತಿರವೇ ನಿಂತಿದ್ದೆ. ಯಾವನೋ ಕುರಿಗಾರ, ಒಂದು ಸಲ ಚುರುಕು ಮುಟ್ಟಿದರೆ ಮತ್ತೆ ನಮ್ಮ ಗದ್ದೆಯ ಕಡೆ ಬರುವುದಿಲ್ಲ ಎಂದು ಕರೆಂಟು ಬಿಟ್ಟೆ. ಸಾಯುತ್ತಾನೆಂದು ಯಾರಿಗೆ ಗೊತ್ತಿತ್ತು? ಇದು ನಿನ್ನ ತಿಳುವಳಿಕೆಗೆ ಮಾತ್ರ, ಯಾಕೆಂದರೆ ಜಮೀಲಾಬೀ ಇದನ್ನೇ ಹಿಡಿದುಕೊಂಡಿದ್ದಾಳೆ. ನೀನು ಒಪ್ಪಿಕೊಂಡರೆ ಅವಳನ್ನು ಯಾರೂ ಕರೆಯುವುದಿಲ್ಲ.

ಅವ್ವ ಆರಾಮ. ನಿನ್ನೆ ಹೋಳಿಗೆ ಬೇಕೆಂದಳು, ಮಾಡಿಸಿ ತಿನ್ನಿಸಿದೆ. "ದುರುಗಗೂ ಎರಡು ಎತ್ತಿಡು," ಅಂದಳು. ನೀನು ಇದನ್ನೆಲ್ಲ ಕೇಳಿ ಅಳುತ್ತಾ ಕೂಡಬೇಡ, ಪಾಠ ಮಾಡು.

ಇದನ್ನು ಮೊದಲು ಸುಡು.

ವಿರೇಶ


ಸಿಂಧನೂರು, ಕೋರ್ಟಿನ ಆವರಣ
೪ ಆಗಸ್ಟ್ ೨೦೨೫

ವಿರೇಶನಿಗೆ,

ಇವತ್ತು ಹನ್ನೆರಡು ಗಂಟೆಗೆ ಹೆಸರು ಕೂಗಿದರು. ಮೊದಲನೇ ಸಲಕ್ಕೇ ಕೇಳಿಸಿತು. ಸಾಹೇಬರು ಮತ್ತೆ ಅದನ್ನೇ ಕೇಳಿದರು. ನಾನು, "ನನಗ ಬಾಯಿಲೆ ಹೇಳಾಕ ಬರಂಗಿಲ್ರಿ. ಎಲ್ಲಾ ಬರದದ್ದು ತಂದೀನ್ರಿ," ಎಂದು ನಿನ್ನ ಪತ್ರ ಎರಡು ಕೈಯಿಂದ ಮುಂದೆ ಹಿಡಿದೆ. ಸಾಹೇಬರು ಮುಟ್ಟಲಿಲ್ಲ, ನಿಮ್ಮ ವಕೀಲರಿಗೆ ತೋರಿಸಿ ಎಂದರು. ವಕೀಲರು ಓದಿದರು. ಅರ್ಧ ಓದಿ ನನ್ನ ಮುಖ ನೋಡಿದರು. ಇದು ಕೊಡುವುದು ನಿನ್ನ ಇಷ್ಟವೇ ಎಂದು ಕಿವಿಯಲ್ಲಿ ಕೇಳಿದರು. ಹೌದು ಅಂದೆ. ಆಮೇಲೆ ಅದು ಸರಕಾರಿ ವಕೀಲರ ಕೈಗೆ ಹೋಯಿತು, ಅಲ್ಲಿಂದ ಮೇಲೆ ಹೋಯಿತು.

"ಇದು ಯಾರ ಅಕ್ಷರ?" ಎಂದರು ಸಾಹೇಬರು.

"ನನ್ನ ತಮ್ಮಂದ್ರಿ, ವಿರೇಶ ಅಂತ. ನಾನೇ ಓದಿಸೀನ್ರಿ," ಅಂದೆ.

ನಿನ್ನ ಐದೂ ಪತ್ರ ಕೊಟ್ಟೆ. ಬಳಗಾನೂರು ಅಂಚೆಯ ಠಸ್ಸೆ ಎಲ್ಲದರ ಮೇಲೂ ಸ್ಪಷ್ಟ ಇದೆ. ನಾನು ಒಂದನ್ನೂ ಸುಟ್ಟಿಲ್ಲ. ಮೊದಲು ಸುಡದೇ ಇದ್ದದ್ದು ನಿನ್ನ ಅಕ್ಷರ ಎಂಬ ಆಸೆಗೆ. ಕೊನೆಯದನ್ನು ಮಾತ್ರ ಬೇಕೆಂದೇ ಇಟ್ಟೆ.

ಬ್ಯಾಟರಿಯ ಸಾಲು ಓದಿದಾಗ ಆದೆಮ್ಮ ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಬಂದು ನನ್ನ ಹತ್ತಿರವೇ ಕೇಳಿದಳು. "ಬೆಳಕ ನೋಡಿದ್ನಂತೇನು ಯಣ್ಣಾ? ನೋಡಿ ನೋಡಿ ಬಿಟ್ನಂತೇನು?" ಹೌದವ್ವಾ ಅಂದೆ. ಆಕೆ ಅಳಲಿಲ್ಲ. ನಾನಿಷ್ಟು ದಿನ ನಿನಗಾಗಿ ಬಾಯಿ ಮುಚ್ಚಿಕೊಂಡದ್ದು ಆಕೆಗೆ ಮಾಡಿದ ಅನ್ಯಾಯ. ಆ ತಪ್ಪು ನನ್ನದೇ.

ಈಗ ಇನ್ನೊಂದು ಹೇಳುತ್ತೇನೆ. ಹೋದ ಪೇಶಿಯ ದಿನ ನಾನು ಕೈಮುಗಿದು ಒಪ್ಪಿಕೊಂಡು ಹೊರಗೆ ಬಂದೆ. ಗೇಟಿನ ಹತ್ತಿರ ಜಮೀಲಾಬೀ ನಿಂತಿದ್ದಳು, ಬ್ಯಾಟರಿಯ ಮಾತು ನನಗೆ ಹೇಳಿದ್ದೂ ಆಕೆಯೇ. "ತಾಯಿ ಮಣ್ಣಿಗೂ ಬರಲಿಲ್ಲಲ್ಲಪಾ ದುರುಗಪ್ಪ, ಅಷ್ಟ್ಯಾಕ ಕಲ್ಲಾದಿ?" ಅಂದಳು. ಜುಲೈ ಎರಡಕ್ಕೆ ಅವ್ವ ಹೋದಳಂತೆ. ಸುದ್ದಿ ಕಳಿಸಿದ್ದೇನೆ, ಅವನೇ ಬರುವುದಿಲ್ಲ ಅಂದ ಎಂದು ನೀನು ಊರ ಮುಂದೆ ಹೇಳಿದೆಯಂತೆ. ಸಾಯುವ ದಿನ ಮೂರು ಸಲ ನನ್ನ ಹೆಸರು ಕೂಗಿದಳಂತೆ, ನೀನು ಬಾಗಿಲು ಹಾಕಿದೆಯಂತೆ. ಒಂದು ದಿನ ಬರಲು ಅಪ್ಪಣೆ ಕೇಳಿದ್ದರೆ ಸಾಹೇಬರು ಕೊಡುತ್ತಿರಲಿಲ್ಲವೇ? ನಾನು ಬಂದರೆ ಅಳುವಾಗ ಏನು ಬಾಯಿಬಿಡುತ್ತೇನೋ ಎಂದು ನಿನಗೆ ಭಯ.

ಐದನೇ ತಾರೀಖು ಕೆಮ್ಮು ನಿಂತಿದೆ ಎಂದು ಬರೆದೆ. ನಾನು ಆ ಮಾತಿಗೆ ಮಿರ್ಚಿ ತಿಂದೆ ವಿರೇಶ. ಹದಿಮೂರಕ್ಕೆ ನಾನು ಜೈಲಿಗೆ ಹೋಗಲಿ ಎಂದು ಸತ್ತವಳ ಬಾಯಿಂದ ಹೇಳಿಸಿದೆ. ಆದರೂ ಗೇಟಿನಿಂದ ಬಂದ ಮೇಲೆ ನಿನಗೆ ಇನ್ನೊಂದು ಪತ್ರ ಬರೆದೆ, ಅವ್ವ ಹೇಗಿದ್ದಾಳೆ ಬಿಡಿಸಿ ಬರೆ ಎಂದೆ. ನೀನು ನಿಜ ಬರೆದಿದ್ದರೆ, ಒಂದೇ ಸಾಲು ಬರೆದಿದ್ದರೆ, ಆ ತಂತಿ ನನ್ನದೇ ಎಂದು ಇವತ್ತು ಒಪ್ಪಿಕೊಂಡು ಜೈಲಿಗೆ ಹೋಗುತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ, ಹೋಗುತ್ತಿದ್ದೆ. ಹತ್ತು ದಿನ ನಿನ್ನ ಪತ್ರಕ್ಕೆ ಕಾದೆ. ಹೋಳಿಗೆ ತಿಂದಳು ಎಂದು ಬರೆದೆ. ಮಣ್ಣಾಗಿ ಇಪ್ಪತ್ತೈದು ದಿನಕ್ಕೆ.

ನನ್ನ ಕೇಸು ಇವತ್ತಿಗೇ ಮುಗಿದಿಲ್ಲ. ಮತ್ತೆ ತನಿಖೆ ಆಗುತ್ತದಂತೆ. ಆ ದಿನದ ಗೊಬ್ಬರದ ಚೀಟಿ ಮಸ್ಕಿ ಅಂಗಡಿಯಲ್ಲಿ ಸಿಗುತ್ತದೆ ಎಂದು ವಕೀಲರು ಹೇಳಿದರು. ಠಾಣೆಯವರು ಬಣವೆ ನೋಡಲು, ನಿನ್ನನ್ನು ಕೇಳಲು ಹೊರಟಿದ್ದಾರೆ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಅವರಿಗೆ ಓದಿ ತೋರಿಸಿ ಅವರ ಕೈಯಲ್ಲೇ ಕೊಡುತ್ತಿದ್ದೇನೆ. ಇದು ನಿನಗೆ ಸಿಕ್ಕಾಗ ಅವರು ನಿನ್ನ ಎದುರಿಗೇ ಇರುತ್ತಾರೆ.

ಊರಿಗೆ ಬರಲು ನನಗೆ ಇನ್ನೂ ಅಪ್ಪಣೆ ಇಲ್ಲ. ಬಂದ ದಿನ ಯಾರ್ಯಾರನ್ನೋ ಕೇಳುತ್ತಾ ತಿರುಗುವ ಶಕ್ತಿ ನನಗಿಲ್ಲ. ಜಮೀಲಾಬೀ ಮಣ್ಣಿಗೆ ಹೋಗಿರಲಿಲ್ಲ, ಆಕೆಗೆ ಗೊತ್ತಿಲ್ಲ. ಅವ್ವನನ್ನು ಎಲ್ಲಿ ಹುಗಿದಿ, ನಮ್ಮ ಹೊಲದಲ್ಲೋ ಹಳ್ಳದ ದಂಡೆಯಲ್ಲೋ, ತಲೆ ಯಾವ ಕಡೆಗಿದೆ, ಕಲ್ಲು ಇಟ್ಟಿದ್ದೀಯೋ ಇಲ್ಲವೋ, ಬಂದವರಿಗೆ ಹೇಳು. ಅವರು ಬರೆದುಕೊಂಡು ಬಂದು ನನಗೆ ಕೊಡುತ್ತಾರೆ.

ದುರುಗಪ್ಪ